ಹತ್ತು ನಿಮಿಷದ ತೋಡಿ

ನವೆಂಬರ್ ಒಂದು ಎಂದರೆ ನಮ್ಮೂರ ಕಡೆ ರಾಜ್ಯೋತ್ಸವ. ಹಳದಿ ಕೆಂಪು ಬಾವುಟ, ಶಾಲೆಯ ಮಕ್ಕಳ ಮೆರವಣಿಗೆ, ಆಟೋ ಸ್ಟ್ಯಾಂಡಿನ ಧ್ವನಿವರ್ಧಕದಲ್ಲಿ ದಿನವಿಡೀ ಹಾಡು. ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ, ಅದರಲ್ಲೂ ಹನ್ನೆರಡನೇ ಕ್ಲಾಸಿನ ಮಗು ಇರುವ ಮನೆಗಳಲ್ಲಿ, ಆ ತಾರೀಖಿಗೆ ಇನ್ನೊಂದು ಕಾರಣಕ್ಕೂ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಬಿದ್ದಿರುತ್ತದೆ. ಇಲ್ಲಿನ ದೊಡ್ಡ ವಿಶ್ವವಿದ್ಯಾಲಯಗಳಿಗೆ ‘ಅರ್ಲಿ’ ಅರ್ಜಿ ಹಾಕುವ ಕೊನೆಯ ದಿನ ಬಹುತೇಕ ಅದೇ. ರಾತ್ರಿ 11:59ರ ಒಳಗೆ ಗುಂಡಿ ಒತ್ತಬೇಕು. ಉತ್ತರ ಬರುವುದು ಡಿಸೆಂಬರ್ ನಡುಭಾಗದಲ್ಲಿ. ದಸರೆಯ ಬೊಂಬೆ ಕೂರಿಸಿ, ಮನೆಮನೆಗೆ ಹೋಗಿ ಹಾಡಿ, ದೀಪಾವಳಿಯ ದೀಪ ಹಚ್ಚುವ ತಿಂಗಳುಗಳೇ ಈ ಮಕ್ಕಳಿಗೆ ಪ್ರಬಂಧ ತಿದ್ದುವ ತಿಂಗಳುಗಳೂ ಆಗಿಬಿಟ್ಟಿವೆ.

ನಾನು ನ್ಯೂಜೆರ್ಸಿಯಲ್ಲಿ ಮನೆಯಲ್ಲೇ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುವವಳು. ಮಲಹರಿಯ ಪಿಳ್ಳಾರಿ ಗೀತೆಯಿಂದ ಶುರುಮಾಡಿದ ಮಕ್ಕಳು ರಾಗ ಆಲಾಪನೆ ಮಾಡುವ ಹೊತ್ತಿಗೆ ಸರಿಯಾಗಿ ಹೈಸ್ಕೂಲಿನ ಕೊನೆಯ ವರ್ಷಕ್ಕೆ ಬಂದಿರುತ್ತಾರೆ. ಹಾಗಾಗಿ ಪ್ರತಿವರ್ಷ ಸೆಪ್ಟೆಂಬರ್ ಹುಟ್ಟಿದರೆ ಪಾಠದ ಕೋಣೆಯ ಬಾಗಿಲಲ್ಲಿ ಒಬ್ಬರಲ್ಲ ಒಬ್ಬರು ತಂದೆತಾಯಿ ನಿಂತು ಕೇಳುತ್ತಾರೆ: “ಆಂಟಿ, ಮ್ಯೂಸಿಕ್‌ನಿಂದ ಇವಳ ಚಾನ್ಸ್ ಎಷ್ಟು ಜಾಸ್ತಿ ಆಗುತ್ತೆ?” ನನ್ನ ವಯಸ್ಸಿನವರೂ ಇಲ್ಲಿ ನನ್ನನ್ನು ಆಂಟಿ ಎಂದೇ ಕರೆಯುವುದು. ಮಕ್ಕಳ ಬಾಯಿಂದ ಅವರಿಗೂ ರೂಢಿಯಾಗಿದೆ. ಪ್ರಶ್ನೆ ತಪ್ಪೇನಲ್ಲ. ಹತ್ತು ವರ್ಷ ಶನಿವಾರದ ಬೆಳಗನ್ನೆಲ್ಲ ಕಾರು ಓಡಿಸುವುದರಲ್ಲೇ ಕಳೆದವರು ಕೇಳಬಾರದೆ?

ಈ ವರ್ಷ ಕೇಳಿದವಳು ಹುಡುಗಿಯೇ. ಅವಳು ನನ್ನ ಹತ್ತಿರ ಹಾಡು ಕಲಿಯುತ್ತಾಳೆ, ಶಾಲೆಯ ಆರ್ಕೆಸ್ಟ್ರಾದಲ್ಲಿ ವಯೋಲಾ ನುಡಿಸುತ್ತಾಳೆ, ಓದಬೇಕೆಂದಿರುವುದು ಮಾತ್ರ ಮೆದುಳಿನ ವಿಜ್ಞಾನ. ಅಪ್ಪ ಒಂದು ವಿಶ್ವವಿದ್ಯಾಲಯಕ್ಕೆ ಅರ್ಲಿ ಡಿಸಿಷನ್ ಹಾಕು ಅಂತಾರೆ. ಅಮ್ಮನಿಗೆ ಅದಕ್ಕಿಂತ ದೊಡ್ಡ ಹೆಸರಿನ ಕಡೆ ಮನಸ್ಸು. ಅವಳು ನನ್ನ ಮುಂದೆ ಕೂತು, ಶ್ರುತಿಯ ಸದ್ದು ಸಣ್ಣಗೆ ಮಾಡಿ ಕೇಳಿದಳು: “ಆಂಟಿ, ಎಲ್ಲಿಗೆ ಹಾಕಲಿ? ವಯೋಲಾ ಕಳಿಸಲಾ, ಹಾಡು ಕಳಿಸಲಾ?”

ಊರಿನಲ್ಲಿರುವ ಓದುಗರಿಗೆ ಈ ಏರ್ಪಾಡನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಿಇಟಿ ಬರೆದು, ರ‍್ಯಾಂಕ್ ಬಂದು, ಕೌನ್ಸೆಲಿಂಗ್‌ನಲ್ಲಿ ಸೀಟು ಆರಿಸಿಕೊಳ್ಳುವ ನಮ್ಮ ಕ್ರಮ ಇಲ್ಲಿಲ್ಲ. ಅಂಕ, ಪ್ರಬಂಧ, ಶಿಫಾರಸು ಪತ್ರ, ಓದಿನ ಹೊರಗಿನ ಚಟುವಟಿಕೆ ಎಲ್ಲವನ್ನೂ ಒಂದು ಕಡತ ಮಾಡಿ, ಒಂದೊಂದು ವಿಶ್ವವಿದ್ಯಾಲಯವೂ ತನಗೆ ತೋಚಿದ ಹಾಗೆ ತೂಗುತ್ತದೆ. ಅರ್ಲಿ ಡಿಸಿಷನ್ ಎಂದರೆ ಒಂದೇ ಒಂದು ಕಡೆ ಮೊದಲೇ ಅರ್ಜಿ ಹಾಕಿ, ಸಿಕ್ಕರೆ ಖಂಡಿತ ಅಲ್ಲಿಗೇ ಬರುತ್ತೇನೆ ಎಂದು ಮಾತು ಕೊಡುವುದು. ಆ ಮಾತಿಗೆ ಮಗು ಒಂದು ಸಹಿ, ತಂದೆ ಅಥವಾ ತಾಯಿ ಒಂದು ಸಹಿ, ಶಾಲೆಯ ಕೌನ್ಸೆಲರ್ ಒಂದು ಸಹಿ ಹಾಕಬೇಕು. ಪೆನ್ಸಿಲ್ವೇನಿಯಾ, ಕೊಲಂಬಿಯಾ, ಕಾರ್ನೆಲ್, ಬ್ರೌನ್, ಡ್ಯೂಕ್ ಎಲ್ಲ ಈ ಬಗೆಯವು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್ ಇನ್ನೊಂದು ಬಗೆ. ಅಲ್ಲಿ ಸಿಕ್ಕರೂ ಸೇರಲೇಬೇಕೆಂದಿಲ್ಲ, ಆದರೆ ಅವಕ್ಕೆ ಅರ್ಲಿ ಹಾಕಿದವರು ಬೇರೆ ಖಾಸಗಿ ವಿಶ್ವವಿದ್ಯಾಲಯಕ್ಕೆ ಅರ್ಲಿ ಹಾಕುವಂತಿಲ್ಲ. ಎಂಐಟಿಯದು ಇವೆಲ್ಲಕ್ಕಿಂತ ಸಡಿಲ, ಯಾವ ಕಟ್ಟೂ ಇಲ್ಲ. ಅರ್ಲಿಯಲ್ಲಿ ಆಗದಿದ್ದವರಿಗೆ ಜನವರಿ ಮೊದಲ ವಾರದ ಮಾಮೂಲಿ ಸುತ್ತು, ಅದರ ಫಲಿತಾಂಶ ಮಾರ್ಚ್ ಕೊನೆಗೆ.

ಇನ್ನು ಚಾನ್ಸಿನ ಮಾತು. ನಮ್ಮ ಜನ ಲೆಕ್ಕದಲ್ಲಿ ಗಟ್ಟಿಗರು, ಹಾಗಾಗಿ ಲೆಕ್ಕದಿಂದಲೇ ಹೇಳುತ್ತೇನೆ. 2023ರಲ್ಲಿ ಹಾರ್ವರ್ಡ್ ಸೇರಿದ ತಂಡಕ್ಕೆ ಒಟ್ಟು 56,937 ಜನ ಅರ್ಜಿ ಹಾಕಿದ್ದರು, ಸಿಕ್ಕಿದ್ದು 1,942 ಮಂದಿಗೆ. ಅಂದರೆ ನೂರಕ್ಕೆ ಮೂರೂವರೆಯೂ ಇಲ್ಲ. ಅದರೊಳಗೆ ಅರ್ಲಿ ಹಾಕಿದವರು 9,553, ಸಿಕ್ಕಿದ್ದು 722 ಮಂದಿಗೆ, ನೂರಕ್ಕೆ ಏಳೂವರೆ. ಉಳಿದ ನಲವತ್ತೇಳು ಸಾವಿರಕ್ಕೂ ಹೆಚ್ಚು ಜನ 1,220 ಜಾಗಕ್ಕೆ ಕಾದರು. ಅವರ ಜೊತೆಗೆ ಅರ್ಲಿಯಲ್ಲಿ ಈಗಲೇ ಹೇಳಲಾರೆವು ಎಂದು ಮುಂದಕ್ಕೆ ಹಾಕಿಸಿಕೊಂಡ ಸಾವಿರಾರು ಮಕ್ಕಳೂ ಸೇರಿದರು. ಈ ಅಂಕಿ ನೋಡಿದ ಯಾವ ಅಪ್ಪನಾದರೂ ಅರ್ಲಿ ಹಾಕಿದರೆ ಚಾನ್ಸ್ ಮೂರು ಪಟ್ಟು ಎಂದುಕೊಳ್ಳುವುದು ಸಹಜ.

ಆ ಏಳೂವರೆಯೊಳಗೆ ಯಾರಿದ್ದಾರೆ ಎಂದು ನೋಡಿದರೆ ಚಿತ್ರ ಬೇರೆಯಾಗುತ್ತದೆ. ಹಾರ್ವರ್ಡ್ ಮೇಲೆ ನಡೆದು 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದ ದೊಡ್ಡ ಮೊಕದ್ದಮೆಯಿಂದಾಗಿ ಒಳಗಿನ ಎಷ್ಟೋ ಅಂಕಿಅಂಶ ಹೊರಬಿದ್ದವು. ಕೋಚ್‌ಗಳು ಆರಿಸಿಕೊಂಡ ಕ್ರೀಡಾಪಟುಗಳಲ್ಲಿ ನೂರಕ್ಕೆ 86 ಮಂದಿಗೆ ಪ್ರವೇಶ ಸಿಗುತ್ತಿತ್ತು. ಅಲ್ಲೇ ಓದಿದವರ ಮಕ್ಕಳಿಗೆ ನೂರಕ್ಕೆ ಸುಮಾರು 33. ಇಂಥವರಲ್ಲಿ ಹೆಚ್ಚಿನವರು ಬರುವುದು ಅರ್ಲಿಯಲ್ಲೇ. ಇವರನ್ನು ಬದಿಗಿಟ್ಟು ಭಾಗಿಸಿದರೆ ನಮ್ಮ ನ್ಯೂಜೆರ್ಸಿಯ ಎಡಿಸನ್ನಿನ ಒಬ್ಬ ಇಂಜಿನಿಯರನ ಮಗಳಿಗೆ ಉಳಿಯುವ ಪಾಲು ಏಳೂವರೆಗಿಂತ ಎಷ್ಟೋ ಕಡಿಮೆ. ಹಾಗೆಂದು ಅರ್ಲಿಯಿಂದ ಏನೂ ಲಾಭವಿಲ್ಲ ಎನ್ನಲಾಗದು. 2003ರಲ್ಲಿ ಏವರಿ, ಫೇರ್‌ಬ್ಯಾಂಕ್ಸ್, ಝೆಕ್‌ಹೌಸರ್ ಎಂಬ ಮೂವರು ಸಾವಿರಾರು ಅರ್ಜಿಗಳನ್ನು ಜಾಲಾಡಿ ಬರೆದ ಪುಸ್ತಕದಲ್ಲಿ, ಅರ್ಲಿ ಹಾಕುವುದರಿಂದ ಆಗುವ ಅನುಕೂಲ ಎಸ್‌ಎಟಿ ಪರೀಕ್ಷೆಯಲ್ಲಿ ನೂರು ಅಂಕ ಹೆಚ್ಚು ತೆಗೆದಷ್ಟು ಎಂದು ಲೆಕ್ಕ ಕೊಟ್ಟಿದ್ದರು. ಪೆನ್ಸಿಲ್ವೇನಿಯಾದಂಥ ಕಡೆ ಮೊದಲ ವರ್ಷದ ಸೀಟುಗಳಲ್ಲಿ ಅರ್ಧದಷ್ಟು ಅರ್ಲಿಯಲ್ಲೇ ತುಂಬಿಹೋಗುತ್ತವೆ. ಅಂಥಲ್ಲಿ ಮಾರ್ಚ್‌ವರೆಗೆ ಕಾಯುವವರಿಗೆ ಜಾಗವೇ ಕಿರಿದು.

ಕ್ರೀಡಾಪಟುವಿಗೂ ಸಂಗೀತಗಾರನಿಗೂ ಇಲ್ಲಿರುವ ವ್ಯತ್ಯಾಸ ಸಣ್ಣದಲ್ಲ. ಓಟಗಾರನ ಪರವಾಗಿ ವಿಶ್ವವಿದ್ಯಾಲಯದೊಳಗೆ ಒಬ್ಬ ಕೋಚ್ ಇರುತ್ತಾನೆ, ಅವನ ಕೈಯಲ್ಲಿ ಪಟ್ಟಿ ಇರುತ್ತದೆ. ಹಾಡುವವರ ಪರವಾಗಿ ಹಾಗೆ ಪಟ್ಟಿ ಹಿಡಿದು ನಿಲ್ಲುವವರು ಯಾರೂ ಇಲ್ಲ. ನೀವು ಕಳಿಸಿದ ರೆಕಾರ್ಡಿಂಗನ್ನು ಸಂಗೀತ ವಿಭಾಗದ ಅಧ್ಯಾಪಕರೊಬ್ಬರು ಕೇಳಿ, ಎರಡು ಸಾಲು ಅಭಿಪ್ರಾಯ ಬರೆದು ಕಳಿಸುತ್ತಾರೆ. ತೀರ್ಮಾನ ಮಾಡುವುದು ಪ್ರವೇಶ ಕಚೇರಿ. ಕೇಳಿದವರು ಅಪರೂಪದ ಪ್ರತಿಭೆ ಎಂದರೆ ತಕ್ಕಡಿ ಸ್ವಲ್ಪ ವಾಲಬಹುದು. ಚೆನ್ನಾಗಿದೆ ಎಂದಷ್ಟೇ ಬರೆದರೆ ಅಲುಗುವುದಿಲ್ಲ. ಈ ದೊಡ್ಡ ಹೆಸರಿನ ಕಡೆಗಳಲ್ಲಿ ಚೆನ್ನಾಗಿ ನುಡಿಸುವವರಿಗೆ ಬರವಿಲ್ಲ. ಹಾರ್ವರ್ಡ್‌ನ ವಿದ್ಯಾರ್ಥಿ ಆರ್ಕೆಸ್ಟ್ರಾ ತನ್ನ ಬೇರನ್ನು 1808ರವರೆಗೆ ಹುಡುಕಿಕೊಂಡು ಹೋಗುತ್ತದೆ. ವಯೋಲಾದವರು ಕಡಿಮೆ, ಓಬೋ ಬಾಸೂನ್ ನುಡಿಸುವವರು ಇನ್ನೂ ಕಡಿಮೆ, ಆದ್ದರಿಂದ ಅವರಿಗೆ ಬಾಗಿಲು ತೆರೆದೇ ಇರುತ್ತದೆ ಎಂಬ ಮಾತು ತಂದೆತಾಯಂದಿರ ನಡುವೆ ಓಡಾಡುತ್ತಿರುತ್ತದೆ. ಅದನ್ನು ನಂಬಿ ಎಂಟನೇ ಕ್ಲಾಸಿನಲ್ಲಿ ಮಗುವಿನ ಕೈಯಿಂದ ಪಿಟೀಲು ಕಿತ್ತು ವಯೋಲಾ ಕೊಟ್ಟವರನ್ನು ನೋಡಿದ್ದೇನೆ. ಈ ಹುಡುಗಿಯ ಕಥೆ ಹಾಗಲ್ಲ. ಅವಳಿಗೆ ಆ ವಾದ್ಯದ ಮಂದ್ರದ ಗಾತ್ರ ಇಷ್ಟ. ನನ್ನ ಐದೂವರೆ ಶ್ರುತಿಯ ಪಾಠದಲ್ಲಿ ಸಿಗದ ಮಂದ್ರ ಅವಳಿಗೆ ಅಲ್ಲಿ ಸಿಗುತ್ತದೆ.

ಅರ್ಜಿಯ ನಮೂನೆಯನ್ನು ಅವಳು ಒಂದು ದಿನ ನನಗೆ ತೋರಿಸಿದಳು. ಕಾಮನ್ ಆ್ಯಪ್ ಎಂದು ಅದರ ಹೆಸರು. 1975ರಲ್ಲಿ ಹದಿನೈದು ಕಾಲೇಜುಗಳು ಸೇರಿ ಶುರುಮಾಡಿದ್ದು, ಈಗ ದೇಶವೆಲ್ಲ ಹಬ್ಬಿದೆ. ಅದರಲ್ಲಿ ಚಟುವಟಿಕೆಗಳಿಗೆಂದು ಹತ್ತು ಚೌಕ. ಒಂದೊಂದರ ವಿವರಣೆಗೆ 150 ಅಕ್ಷರ, ನಡುವೆ ಬಿಡುವ ಖಾಲಿ ಜಾಗವೂ ಲೆಕ್ಕಕ್ಕೆ ಸೇರಿ. ಪಕ್ಕದಲ್ಲಿ ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದು ಕೇಳುವ ಎರಡು ಸಣ್ಣ ಖಾನೆ. ಹುಡುಗಿ ಪೆನ್ನು ಕಚ್ಚುತ್ತ ಕೂತಿದ್ದಳು. ಸ್ನಾನದ ಮನೆಯಲ್ಲಿ ಹಾಡಿಕೊಳ್ಳುವುದು, ಸ್ಕೂಲ್ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಮನಸ್ಸಿನಲ್ಲೇ ಸ್ವರ ಹಾಕುವುದು, ತೊಡೆಯ ಮೇಲೆ ತಾಳ ಹಾಕುತ್ತಲೇ ಗಣಿತದ ಹೋಂವರ್ಕ್ ಮಾಡುವುದು, ಇವೆಲ್ಲ ಯಾವ ಖಾನೆಗೆ? ಕೊನೆಗೆ ಪಾಠ, ಮನೆಯ ಸಾಧನೆ, ಕಛೇರಿ ಎಂದು ಕೂಡಿಸಿ ಒಂದು ಸಂಖ್ಯೆ ಬರೆದಳು. ಅದು ಪ್ರಾಮಾಣಿಕವಾದ ಸಂಖ್ಯೆ, ಅಷ್ಟು ಸಾಕು. ಈ ಖಾನೆ ತುಂಬಲೆಂದೇ ಹನ್ನೊಂದನೇ ಕ್ಲಾಸಿನ ಬೇಸಿಗೆಯಲ್ಲಿ ಹಾಲ್ ಹಿಡಿದು, ಪಕ್ಕವಾದ್ಯದವರನ್ನು ಕರೆಸಿ ರಂಗಪ್ರವೇಶ ಮಾಡಿಸುವುದು ನಮ್ಮಲ್ಲಿ ಹೆಚ್ಚಾಗಿದೆ. ಅದನ್ನು ನಾನು ಬೇಡ ಎನ್ನುವುದಿಲ್ಲ. ಅದಕ್ಕಾಗಿ ಮಾಡಿದ ಸಾಧನೆ ಸುಳ್ಳಲ್ಲ. ನನಗಿರುವ ಆಸೆ ಒಂದೇ, ಹಾರ ಹಾಕಿಸಿಕೊಂಡ ಮಗು ಮುಂದಿನ ಶನಿವಾರವೂ ಪಾಠಕ್ಕೆ ಬರಬೇಕು.

ಶಿಫಾರಸು ಪತ್ರ ಬರೆಯುವುದು ನನ್ನ ಪಾಲಿಗೆ ಬರುವ ಕೆಲಸ. ಅತ್ಯುತ್ತಮ, ಅಪ್ರತಿಮ, ಅಸಾಧಾರಣ ಎಂದೆಲ್ಲ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಆ ಮಗು ಹೇಗೆ ಕಲಿಯುತ್ತದೆ ಎಂದು ಬರೆದರೆ ತಿಳಿಯುತ್ತದೆ. ಇವಳ ಬಗ್ಗೆ ನಾನು ಬರೆದದ್ದು ಗಾಂಧಾರದ ಒಂದು ಪ್ರಸಂಗ. ಒಂದು ಶನಿವಾರ ಕಲ್ಯಾಣಿ ಹಾಡುತ್ತಿದ್ದವಳು ತಟಕ್ಕನೆ ನಿಲ್ಲಿಸಿದಳು. ತಂಬೂರಿಯ ಜೊತೆ ತನ್ನ ಗಾಂಧಾರ ಕೂತ ಜಾಗಕ್ಕೂ ಶಾಲೆಯ ಪಿಯಾನೋದಲ್ಲಿ ಅದು ಕೇಳುವ ಜಾಗಕ್ಕೂ ಯಾಕೆ ಹೊಂದುವುದಿಲ್ಲ ಎಂದು ಕೇಳಿದಳು. ಮುಂದಿನ ವಾರ ತಾನೇ ಉತ್ತರ ಹುಡುಕಿಕೊಂಡು ಬಂದಳು. ಪಿಯಾನೋದಲ್ಲಿ ಹನ್ನೆರಡು ಸ್ವರಸ್ಥಾನಗಳನ್ನು ಸಮವಾಗಿ ಹಂಚಿರುತ್ತಾರೆ. ತಂಬೂರಿಯ ತಂತಿಯಿಂದ ತಾನಾಗಿ ಹೊಮ್ಮುವ ಅಂತರ ಗಾಂಧಾರ ಅದಕ್ಕಿಂತ ಸ್ವಲ್ಪ ಕೆಳಗೆ. ಪಕ್ಕಪಕ್ಕದ ಎರಡು ಪಿಯಾನೋ ಕೀಲಿಗಳ ನಡುವಿನ ದೂರವನ್ನು ನೂರು ಭಾಗ ಮಾಡಿದರೆ ಸುಮಾರು ಹದಿನಾಲ್ಕು ಭಾಗದಷ್ಟು. ಆರ್ಕೆಸ್ಟ್ರಾದಲ್ಲಿ ಪಿಯಾನೋ ಜೊತೆಗಿದ್ದ ದಿನ ವಯೋಲಾದ ಬೆರಳನ್ನು ಒಂದೆಳೆ ಮೇಲಕ್ಕೂ, ಬರೀ ತಂತಿವಾದ್ಯಗಳಿದ್ದ ದಿನ ಒಂದೆಳೆ ಕೆಳಕ್ಕೂ ಇಡುತ್ತೇನೆ ಎಂದಳು. ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಮೆದುಳಿನ ವಿಜ್ಞಾನ ಓದಬೇಕೆಂಬ ಆಸೆ ಅವಳಿಗೆ ಹುಟ್ಟಿದ್ದೂ ಅಲ್ಲಿಂದಲೇ ಇರಬೇಕು: ಇಷ್ಟು ಸಣ್ಣ ಭೇದವನ್ನು ಕಿವಿ ಹೇಗೆ ಹಿಡಿಯುತ್ತದೆ? ಅವಳು ತನ್ನ 650 ಪದಗಳ ಪ್ರಬಂಧವನ್ನೂ ಇದರ ಮೇಲೆಯೇ ಬರೆದಿದ್ದಾಳೆ. ಎರಡು ಸಂಸ್ಕೃತಿಗಳ ನಡುವೆ ಸಂಗೀತ ಸೇತುವೆಯಾಯಿತು ಎಂದು ನೂರಾರು ಮಕ್ಕಳು ಬರೆಯುತ್ತಾರೆ. ಗಾಂಧಾರದ ಹದಿನಾಲ್ಕು ಭಾಗ ಅವಳೊಬ್ಬಳದೇ.

ವಯೋಲಾನೋ ಹಾಡೋ ಎಂಬ ಪ್ರಶ್ನೆಗೆ ಬರುತ್ತೇನೆ. ರೆಕಾರ್ಡಿಂಗ್ ಕಳಿಸುವುದಾದರೆ ಹತ್ತು ನಿಮಿಷದ ಆಸುಪಾಸು ಎಂಬುದು ಹೆಚ್ಚಿನ ಕಡೆಯ ಮಿತಿ. ವಯೋಲಾ ಆದರೆ ಕೇಳುವವರಿಗೆ ಅಳತೆಗೋಲು ಸಿದ್ಧವಾಗಿದೆ, ಸಂಗೀತವೇ ಉಸಿರೆಂದು ದಿನಕ್ಕೆ ಐದಾರು ಗಂಟೆ ನುಡಿಸುವ ಮಕ್ಕಳ ಪಕ್ಕದಲ್ಲಿ ಇವಳನ್ನು ನಿಲ್ಲಿಸಿ ನೋಡುತ್ತಾರೆ. ಇವಳು ಒಳ್ಳೆಯ ವಾದಕಿ, ಅವರ ಮಟ್ಟದವಳಲ್ಲ. ಹಾಡಿನಲ್ಲಿ ಇವಳು ನಿಜವಾಗಿ ಎತ್ತರದಲ್ಲಿದ್ದಾಳೆ. ಓಹಾಯೋದ ಕ್ಲೀವ್‌ಲ್ಯಾಂಡಿನಲ್ಲಿ 1978ರಿಂದ ನಡೆಯುತ್ತಿರುವ ತ್ಯಾಗರಾಜ ಉತ್ಸವದ ಸ್ಪರ್ಧೆಗಳಲ್ಲಿ ಈ ದೇಶದ ಮೂಲೆಮೂಲೆಯಿಂದ ಬರುವ ಮಕ್ಕಳ ನಡುವೆ ಹಾಡಿ ಬಹುಮಾನ ತಂದವಳು. ತೊಡಕು ಏನೆಂದರೆ ಕೇಳುವ ಅಧ್ಯಾಪಕರಿಗೆ ನಮ್ಮ ಸಂಗೀತದ ಪರಿಚಯ ಇರಬಹುದು, ಇಲ್ಲದೆಯೂ ಇರಬಹುದು. ಅವಳು ಕಳಿಸಬೇಕೆಂದು ಹಟ ಹಿಡಿದದ್ದು ತೋಡಿ. ತೋಡಿಯ ಗಾಂಧಾರ ನಿಂತಲ್ಲಿ ನಿಲ್ಲುವುದಿಲ್ಲ, ಅದರ ಜೀವವೇ ಕಂಪನ. ಪಿಯಾನೋ ಕಿವಿಯವರಿಗೆ ಅದು ಸ್ವರ ನಡುಗಿದಂತೆ, ಹಾಡುಗಾರ್ತಿಗೆ ಹಿಡಿತವಿಲ್ಲದಂತೆ ಕೇಳಿಸಬಹುದು. “ಮೋಹನ ಕಳಿಸು ಮರಿ, ಐದೇ ಸ್ವರ, ಯಾರ ಕಿವಿಗಾದರೂ ಹಿತ” ಎಂದೆ. “ಆಂಟಿ, ನಾನು ಚೆನ್ನಾಗಿ ಹಾಡೋದು ತೋಡಿ ಅಲ್ವಾ?” ಎಂದಳು. ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಅವಳ ಮಾತೇ ಸರಿ. ಕೇಳುವವರ ಕಿವಿಯನ್ನು ಊಹಿಸಿ ರಾಗ ಬದಲಿಸಿದರೆ ಕಳಿಸಿದ್ದು ಅವಳ ಹಾಡು ಹೇಗಾದೀತು?

ದೊಡ್ಡ ರಾಗವನ್ನು ಚಿಕ್ಕ ಹೊತ್ತಿಗೆ ಇಳಿಸುವ ಕಷ್ಟ ಹೊಸದೇನಲ್ಲ. 1902ರ ನವೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಮೊದಲ ಬಾರಿಗೆ ಗ್ರಾಮಫೋನ್ ಕೊಳವೆಯ ಮುಂದೆ ಹಾಡಿದಾಗ ಅವರಿಗೆ ಸಿಕ್ಕಿದ್ದು ಮೂರೇ ನಿಮಿಷ. ಗಂಟೆಗಟ್ಟಲೆ ಹಾಡಿ ರೂಢಿಯಿದ್ದ ಆಕೆ ಆ ಮೂರು ನಿಮಿಷದಲ್ಲಿ ರಾಗದ ಮುಖ ತೋರಿಸಿ, ತಾನಗಳನ್ನೂ ಹಾಕಿ, ಕೊನೆಯಲ್ಲಿ ತನ್ನ ಹೆಸರನ್ನೂ ಕೂಗಿ ಹೇಳಿ ಮುಗಿಸುತ್ತಿದ್ದರು. ಆಕೆಯ ಕೊನೆಯ ದಿನಗಳು ಕಳೆದದ್ದು ನಮ್ಮ ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಅರಮನೆಯ ವಿದುಷಿಯಾಗಿ ಕರೆಸಿಕೊಂಡರು, 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಆ ತಟ್ಟೆಗಳನ್ನು ಹುಡುಗಿಗೆ ಕೇಳಿಸಿದೆ. ಎಲ್ಲಿಯೂ ಅವಸರವಿಲ್ಲ, ಎಲ್ಲಿಯೂ ಒಂದು ಸಂಗತಿ ಹೆಚ್ಚಿಲ್ಲ ಎಂಬುದನ್ನು ಅವಳು ತಾನೇ ಕಂಡುಕೊಂಡಳು. ಮೂರು ನಿಮಿಷಕ್ಕೆ ಹೋಲಿಸಿದರೆ ಹತ್ತು ನಿಮಿಷ ಧಾರಾಳ. ಆಲಾಪನೆಗೆ ಮೂರು, ತ್ಯಾಗರಾಜರ ಕೃತಿಯ ಪಲ್ಲವಿ ಅನುಪಲ್ಲವಿ ಚರಣಕ್ಕೆ ಐದು, ಉಳಿದದ್ದರಲ್ಲಿ ಕಲ್ಪನಾಸ್ವರ ಎಂದು ಹಂಚಿಕೊಂಡೆವು. ತನಿ ಆವರ್ತನಕ್ಕೆ ಜಾಗವಿರಲಿಲ್ಲ, ಮೃದಂಗ ನುಡಿಸಲು ಬಂದ ಹುಡುಗ ಒಪ್ಪಿಕೊಂಡ.

ಕಳೆದ ವಾರ ನಮ್ಮ ಬೇಸ್‌ಮೆಂಟಿನಲ್ಲಿ ಕೂತು ಚಿತ್ರೀಕರಿಸಿದೆವು. ಅಕ್ಟೋಬರಿನ ನ್ಯೂಜೆರ್ಸಿಯಲ್ಲಿ ಶನಿವಾರ ಎಂದರೆ ಬೀದಿಗೆಲ್ಲ ಎಲೆ ಊದುವ ಯಂತ್ರಗಳ ಮೊರೆತ. ಮೇಪಲ್ ಮರಗಳು ಉದುರಿಸಿದ್ದನ್ನು ತೋಟದ ಕೆಲಸದವರು ಬೆನ್ನಿಗೆ ಕಟ್ಟಿಕೊಂಡ ಎಂಜಿನ್ನಿನಿಂದ ಊದಿ ಗುಡ್ಡೆ ಹಾಕುತ್ತಾರೆ. ಆ ಸದ್ದು ಹೆಚ್ಚುಕಡಿಮೆ ಮಧ್ಯಮಕ್ಕೆ ನಿಲ್ಲುತ್ತದೆ, ತೋಡಿಗೆ ಪರಮ ಶತ್ರು. ಅವರು ಊಟಕ್ಕೆ ಕೂತ ಹೊತ್ತು ನೋಡಿ, ಮನೆ ಬಿಸಿಮಾಡುವ ಫರ್ನೇಸನ್ನೂ ಆರಿಸಿ, ಮೇಲಿನ ಫ್ರಿಜ್ಜಿನ ಪ್ಲಗ್ಗೂ ಕಿತ್ತು ಕೂತೆವು. ಚಳಿಗೆ ಮೃದಂಗದ ಶ್ರುತಿ ಇಳಿಯುತ್ತಿತ್ತು. ಒಂದು ಸಲ ಸ್ವರ ಚೆನ್ನಾಗಿ ಬಂತು, ಆಲಾಪನೆ ಸಪ್ಪೆಯಾಯಿತು. ಇನ್ನೊಂದು ಸಲ ಆಲಾಪನೆಯಲ್ಲಿ ಮೇಲಿನ ಗಾಂಧಾರದ ಹತ್ತಿರ ನಿಂತು ಅವಳು ಒಂದು ಸಣ್ಣ ಎಳೆ ಬಿಟ್ಟಳು ನೋಡಿ, ಕ್ಯಾಮೆರಾದ ಹಿಂದೆ ನಿಂತಿದ್ದ ಅವರಪ್ಪ ಮೈಮರೆತು “ಭೇಷ್” ಅಂದುಬಿಟ್ಟರು. ಆ ಭೇಷ್ ರೆಕಾರ್ಡಿಂಗಿನಲ್ಲಿ ಉಳಿದಿದೆ. ತೆಗೆಯಬೇಡ ಎಂದೆ. ಕಛೇರಿಯಲ್ಲಿ ಅದು ಇರಲೇಬೇಕಾದ ಸದ್ದು.

ಎಲ್ಲಿಗೆ ಎಂಬ ಪ್ರಶ್ನೆ ಇನ್ನೂ ಉಳಿಯಿತಲ್ಲ. ಇದಕ್ಕೆ ನನಗೆ ಜಾನ್ ಹಿಗ್ಗಿನ್ಸ್ ನೆನಪಾಗುತ್ತಾರೆ. ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ 1960ರ ದಶಕದ ಆರಂಭದಿಂದಲೇ ಕರ್ನಾಟಕ ಸಂಗೀತದ ಪಾಠವಿದೆ. ಭರತನಾಟ್ಯದ ಬಾಲಸರಸ್ವತಿಯವರ ತಮ್ಮಂದಿರಾದ ರಂಗನಾಥನ್ ಮೃದಂಗ, ವಿಶ್ವನಾಥನ್ ಕೊಳಲು ಮತ್ತು ಹಾಡು ಹೇಳಿಕೊಟ್ಟರು. ಅಲ್ಲಿಗೆ ಓದಲು ಬಂದ ಅಮೆರಿಕದ ಹುಡುಗ ಹಿಗ್ಗಿನ್ಸ್ ಈ ಸಂಗೀತಕ್ಕೆ ಮನಸೋತು, ಭಾರತಕ್ಕೆ ಬಂದು ಕಲಿತು, ತಿರುವಯ್ಯಾರಿನ ಆರಾಧನೆಯಲ್ಲಿ ಹಾಡಿ, ರಸಿಕರ ಬಾಯಲ್ಲಿ ಹಿಗ್ಗಿನ್ಸ್ ಭಾಗವತರ್ ಆದರು. ವ್ಯಾಸರಾಯರು ಕೃಷ್ಣನನ್ನು ಕರೆದ ಯಮುನಾಕಲ್ಯಾಣಿಯ ದೇವರನಾಮವನ್ನು ಅವರ ಕಂಠದಲ್ಲಿ ಕೇಳಿದವರು ಆ ಕನ್ನಡದ ಸ್ಪಷ್ಟತೆಯನ್ನು ಮರೆಯುವುದಿಲ್ಲ. 1984ರಲ್ಲಿ, ಇನ್ನೂ ನಲವತ್ತರ ಹರೆಯದಲ್ಲೇ ಅಪಘಾತದಲ್ಲಿ ತೀರಿಕೊಂಡರು. ವೆಸ್ಲಿಯನ್‌ನಲ್ಲಿ ಈಗಲೂ ಪ್ರತಿ ಶರತ್ಕಾಲ ನವರಾತ್ರಿ ಉತ್ಸವ ನಡೆಯುತ್ತದೆ. ಅವರ ಕಥೆಯಲ್ಲಿ ನನಗೆ ಕಾಣುವುದು ಇದು: ಸಂಗೀತ ಅವರನ್ನು ವಿಶ್ವವಿದ್ಯಾಲಯದೊಳಗೆ ಸೇರಿಸಿತೋ ಇಲ್ಲವೋ ಎಂಬುದು ಯಾರಿಗೂ ಮುಖ್ಯವಾಗಲಿಲ್ಲ, ಒಳಗೆ ಸೇರಿದ ಮೇಲೆ ಅಲ್ಲಿ ಒಬ್ಬ ಗುರು ಕೂತಿದ್ದರು ಎಂಬುದೇ ಮುಖ್ಯವಾಯಿತು.

ಹಾಗಾಗಿ ಹುಡುಗಿಗೆ ಹೇಳಿದೆ, ಕ್ಯಾಂಪಸ್ ನೋಡಲು ಹೋದಾಗ ಲೈಬ್ರರಿ, ಲ್ಯಾಬ್ ನೋಡಿದ ಮೇಲೆ ಅಭ್ಯಾಸದ ಕೋಣೆ ತೋರಿಸಿ ಎಂದು ಕೇಳು. ಕೇಳಿದಳು. ಒಂದು ಕಡೆ ಸಂಗೀತವನ್ನೇ ಮುಖ್ಯ ವಿಷಯವಾಗಿ ತೆಗೆದುಕೊಂಡವರಿಗೆ ಮಾತ್ರ ಆ ಕೋಣೆಗಳ ಬಾಗಿಲು ತೆರೆಯುತ್ತದೆ ಎಂದರಂತೆ. ಇನ್ನೊಂದು ಕಡೆ ಕೋಣೆ ಎಲ್ಲರಿಗೂ ಉಂಟು, ಆದರೆ ಒಳಗೆ ಒಂದು ಪಿಯಾನೋ, ಒಂದು ಕುರ್ಚಿ, ಉಳಿದದ್ದರಲ್ಲಿ ಚಕ್ಕಳಮಕ್ಕಳ ಹಾಕಿ ಕೂರಲು ಜಾಗವಿಲ್ಲ. ಮೂರನೆಯ ಕಡೆ ದಕ್ಷಿಣ ಏಷ್ಯಾದ ವಿದ್ಯಾರ್ಥಿಗಳ ಸಂಘದವರು ವಾರಕ್ಕೊಮ್ಮೆ ನೆಲಹಾಸಿನ ಕೋಣೆಯೊಂದರಲ್ಲಿ ಸೇರಿ ಹಾಡುತ್ತಾರಂತೆ, ಪಿಟೀಲಿನ ಹುಡುಗ ಇದ್ದಾನೆ, ಹಾಡುವವರು ಬೇಕಾಗಿದ್ದಾರೆ. ಅಮ್ಮನ ಪಟ್ಟಿಯಲ್ಲಿ ಅದು ಮೊದಲಿನದಲ್ಲ, ಅಪ್ಪನ ಪಟ್ಟಿಯಲ್ಲೂ ಅಲ್ಲ. ಹುಡುಗಿಯ ಮುಖ ಅರಳಿದ್ದು ಅದರ ವಿಷಯ ಹೇಳುವಾಗ. ಮೆದುಳಿನ ವಿಜ್ಞಾನಕ್ಕೂ ಅದು ಹೆಸರಾದ ಜಾಗವೇ.

ಹಣದ ಮಾತನ್ನೂ ಆಡಬೇಕು, ಮುಚ್ಚಿಟ್ಟರೆ ನಷ್ಟ ನಮಗೇ. ಇಂಥ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಈಗ ಊಟ ವಸತಿ ಸೇರಿ ವರ್ಷಕ್ಕೆ 90,000 ಡಾಲರ್ ದಾಟಿದವು ಹಲವು ಇವೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿದ ಐವಿ ಲೀಗಿನ ಎಂಟು ವಿಶ್ವವಿದ್ಯಾಲಯಗಳಲ್ಲಿ ಯಾವುದೂ ಹಾಡಿದ್ದಕ್ಕೆ, ಓಡಿದ್ದಕ್ಕೆ, ಅಂಕ ತೆಗೆದಿದ್ದಕ್ಕೆ ವಿದ್ಯಾರ್ಥಿವೇತನ ಕೊಡುವುದಿಲ್ಲ, ಮನೆಯ ಆದಾಯ ನೋಡಿ ಮಾತ್ರ ಕೊಡುತ್ತವೆ. ಪ್ರತಿಭೆಗೆ ಹಣ ಕೊಡುವುದು ಹೆಚ್ಚಾಗಿ ಸಂಗೀತದ್ದೇ ಆದ ಶಾಲೆಗಳು. ಅರ್ಲಿ ಡಿಸಿಷನ್‌ನಲ್ಲಿ ಮಾತು ಕೊಟ್ಟ ಮೇಲೆ ನಾಲ್ಕು ಕಡೆ ಎಷ್ಟು ನೆರವು ಕೊಡುತ್ತಾರೆ ಎಂದು ಹೋಲಿಸಿ ನೋಡುವ ಅವಕಾಶ ಹೋಗುತ್ತದೆ. ಸಿಕ್ಕ ನೆರವು ಸಾಲದು ಎಂದಾದರೆ ಬಿಡಿಸಿಕೊಳ್ಳಬಹುದು, ಆದರೆ ಮಗು ಕುಣಿದಾಡಿದ ಡಿಸೆಂಬರ್ ಸಂಜೆಯ ಮರುದಿನ ಯಾವ ಅಪ್ಪನಿಗೆ ಹಾಗೆ ಹೇಳುವ ಮನಸ್ಸು ಬಂದೀತು? ಅರ್ಲಿ ಇರುವುದು ಉಳ್ಳವರ ಅನುಕೂಲಕ್ಕೆ ಎಂದು ಹಾರ್ವರ್ಡ್, ಪ್ರಿನ್ಸ್‌ಟನ್ ಎರಡೂ 2006ರಲ್ಲಿ ಅದನ್ನು ಕೈಬಿಡುವುದಾಗಿ ಘೋಷಿಸಿದ್ದವು. ಬೇರೆ ಹೆಚ್ಚಿನವರು ಹಿಂದೆ ಬರಲಿಲ್ಲ, 2011ರಲ್ಲಿ ಇವೂ ಮತ್ತೆ ಶುರುಮಾಡಿದವು. ಪ್ರತಿಯೊಂದು ವಿಶ್ವವಿದ್ಯಾಲಯದ ಜಾಲತಾಣದಲ್ಲೂ ನಿಮ್ಮ ಆದಾಯ ಹಾಕಿದರೆ ಅಂದಾಜು ಖರ್ಚು ಹೇಳುವ ಲೆಕ್ಕದ ಪುಟ ಇರುತ್ತದೆ. ಸಹಿ ಹಾಕುವ ಮುನ್ನ ಗಂಡಹೆಂಡತಿ ಕೂತು ಅದನ್ನು ತುಂಬಿ ನೋಡಲಿ. ಹುಡುಗಿಯ ಅಪ್ಪ ತುಂಬಿ ನೋಡಿದ್ದಾರೆ. ಆಗುತ್ತದೆ, ಕಷ್ಟಪಟ್ಟರೆ ಆಗುತ್ತದೆ ಎಂದರು.

ನನ್ನನ್ನು ಕೇಳಿದರೆ ಅವಳು ಆ ನೆಲಹಾಸಿನ ಕೋಣೆಯ ಕಡೆಗೇ ಅರ್ಲಿ ಹಾಕಬೇಕು. ದೊಡ್ಡ ಹೆಸರಿನ ಅರ್ಲಿಯಲ್ಲಿ ಅವಳಿಗಿರುವ ಚಾನ್ಸ್ ತೋಡಿಯಿಂದ ಎಷ್ಟು ಏರುತ್ತದೆ ಎಂದು ಯಾರೂ ಹೇಳಲಾರರು. ಈ ಕಡೆ ಅವಳ ಚಾನ್ಸ್ ಒಳ್ಳೆಯದಿದೆ, ಮಾತು ಕೊಟ್ಟರೆ ಇನ್ನಷ್ಟು ಒಳ್ಳೆಯದಾಗುತ್ತದೆ, ಸಿಕ್ಕರೆ ಅವಳ ಹಾಡು ನಿಲ್ಲುವುದಿಲ್ಲ. ತನ್ನ ಸಂಗೀತವನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೂ ಎಲ್ಲಿಗೆ ಸಂತೋಷವಾಗಿ ಹೋಗುತ್ತಾಳೋ, ಎಲ್ಲಿ ಸಂಗೀತ ಮುಂದುವರಿಯುತ್ತದೋ, ಅದಕ್ಕೆ ಮಾತ್ರ ಮಾತು ಕೊಡುವುದು ಸರಿ. ಇನ್ನೂ ಎರಡು ವಾರ ಇದೆ, ಗುಂಡಿ ಒತ್ತುವವಳು ಅವಳು.

ಹನ್ನೊಂದನೇ ಕ್ಲಾಸಿನ ಮಕ್ಕಳಿರುವ ತಂದೆತಾಯಂದಿರಲ್ಲಿ ಒಂದು ಬೇಡಿಕೆ. ರೆಕಾರ್ಡಿಂಗ್ ಮಾಡಿಸುವುದಿದ್ದರೆ ಬರುವ ಜೂನ್‌ನಲ್ಲೇ ಮಾಡಿಸಿ, ಶಾಲೆಗೆ ರಜೆ ಇರುತ್ತದೆ, ಗಂಟಲೂ ಹದವಾಗಿರುತ್ತದೆ. ಪಾಠ ಹೇಳುವವರ ಹತ್ತಿರ ಪತ್ರ ಬೇಕಿದ್ದರೆ ಬೇಸಿಗೆಯಲ್ಲೇ ಕೇಳಿ. ಅಪ್ಲಿಕೇಷನ್ ಮುಗಿಯಲಿ ಎಂದು ಸೆಪ್ಟೆಂಬರಿನಲ್ಲಿ ಸಂಗೀತದ ಪಾಠ ಬಿಡಿಸಬೇಡಿ. ಹಾಗೆ ಬಿಟ್ಟ ಮಕ್ಕಳಲ್ಲಿ ಜನವರಿಗೆ ಮರಳಿ ಬಂದವರು ಕಡಿಮೆ.